ಹಳೆಯ ಅಮಿಗಾಗೆ 8 ಎಂಬಿ ಕ್ಯಾಶ್ ಏನೂ ಮಾಡುವುದಿಲ್ಲ

ಅಮಿಗಾ 1200 ಇಟ್ಟುಕೊಂಡವರ ನಡುವೆ ಒಂದು ಮಾತು ಎಷ್ಟು ಸಲ ತಿದ್ದಿದರೂ ಮತ್ತೆ ತಲೆಯೆತ್ತುತ್ತದೆ: "ಹಾರ್ಡ್ ಡಿಸ್ಕ್ ಬದಲಿಸುವಾಗ ಕ್ಯಾಶ್ ಜಾಸ್ತಿ ಇರುವುದನ್ನೇ ಹಾಕಿ, 8 ಎಂಬಿ ಇದ್ದರೆ ಯಂತ್ರ ಹಾರುತ್ತದೆ." ಹಾರುವುದಿಲ್ಲ. ಲೆಕ್ಕ ಹಾಕಲು ಐದು ನಿಮಿಷ ಕೊಡದವರು ಈ ಸಲಹೆಯನ್ನು ಹೊಸಬರಿಗೆ ದಾಟಿಸುತ್ತಲೇ ಇದ್ದಾರೆ, ಹೊಸಬರು ಅದಕ್ಕೆ ದುಡ್ಡು ಸುರಿಯುತ್ತಲೇ ಇದ್ದಾರೆ.

ಕಮೊಡೋರ್ 1992ರಲ್ಲಿ ಹೊರತಂದ ಈ ಯಂತ್ರದ ಐಡಿಇ ಪೋರ್ಟನ್ನು ನೋಡಿಕೊಳ್ಳುವುದು ಗೇಲ್ ಎಂಬ ಚಿಪ್. ಡಿಎಂಎ ಇಲ್ಲ. ಡಿಸ್ಕಿನಿಂದ ಬರುವ ಎರಡೆರಡು ಬೈಟನ್ನೂ 14 ಮೆಗಾಹರ್ಟ್ಸ್‌ನ 68ಇಸಿ020 ಪ್ರೊಸೆಸರ್ ತಾನೇ ಓದಿ, ತಾನೇ ಮೆಮೊರಿಗೆ ಹಾಕಬೇಕು. ಪಿಐಒ 0 ಎಂಬ ಆ ವಿಧಾನದಲ್ಲಿ ಒಂದು ಸಲ ಓದಲು 600 ನ್ಯಾನೊಸೆಕೆಂಡ್ ಬೇಕು. ಅಂದರೆ ಕಾಗದದ ಮೇಲೇ ಸೆಕೆಂಡಿಗೆ 3.3 ಎಂಬಿ ದಾಟುವಂತಿಲ್ಲ. ಹೆಚ್ಚುವರಿ ಮೆಮೊರಿ ಹಾಕದ ಯಂತ್ರದಲ್ಲಿ ನಿಜವಾಗಿ ಸಿಗುವುದು ಅದರ ಅರ್ಧವೂ ಅಲ್ಲ.

ಈಗ 8 ಎಂಬಿ ಕ್ಯಾಶಿನ ಲ್ಯಾಪ್‌ಟಾಪ್ ಡಿಸ್ಕ್ ತೆಗೆದುಕೊಳ್ಳಿ. ತಟ್ಟೆಯಿಂದಲೇ ಅದು ಸೆಕೆಂಡಿಗೆ 20 ಎಂಬಿಗೂ ಹೆಚ್ಚು ಓದುತ್ತದೆ. ತಟ್ಟೆ ನಿಧಾನ, ಕಂಪ್ಯೂಟರ್ ವೇಗ ಎಂಬಲ್ಲಿ ಕ್ಯಾಶ್ ನೆರವಿಗೆ ಬರುತ್ತದೆ. ಇಲ್ಲಿ ಪರಿಸ್ಥಿತಿ ತಿರುಗುಮುರುಗು. ತುಂಬಿದ ಕ್ಯಾಶನ್ನು ಖಾಲಿ ಮಾಡಲು ಅಮಿಗಾಗೆ ಐದಾರು ಸೆಕೆಂಡಾದರೂ ಹಿಡಿಯುತ್ತದೆ, ಅಷ್ಟು ಹೊತ್ತೂ ಡಿಸ್ಕ್ ಸುಮ್ಮನೆ ಕಾಯುತ್ತಿರುತ್ತದೆ. ನಲ್ಲಿ ಅರ್ಧ ಇಂಚಿನದೇ ಆಗಿರುವಾಗ ತಾರಸಿಯ ಟ್ಯಾಂಕನ್ನು ಎರಡು ಪಟ್ಟು ದೊಡ್ಡದು ಮಾಡಿದರೆ ಬಿಂದಿಗೆ ಬೇಗ ತುಂಬೀತೆ?

ಹಾಗಂತ ಡಿಸ್ಕಿನೊಳಗಿನ ಮೆಮೊರಿ ಪೂರ್ತಿ ದಂಡ ಎನ್ನುತ್ತಿಲ್ಲ. ನಿಧಾನದ ಕಂಪ್ಯೂಟರ್ ಒಂದು ಸೆಕ್ಟರ್ ಪಡೆದು ಮುಗಿಸುವಷ್ಟರಲ್ಲಿ ಮುಂದಿನದು ಹೆಡ್ಡಿನ ಕೆಳಗಿಂದ ಜಾರಿಹೋದರೆ ತಟ್ಟೆ ಇಡೀ ಸುತ್ತು ಬರುವವರೆಗೆ ಕಾಯಬೇಕು. 1983ರ ಐಬಿಎಂ ಪಿಸಿ/ಎಕ್ಸ್‌ಟಿಯಲ್ಲಿ ಇದೇ ತೊಡಕಿತ್ತು. ಅದಕ್ಕೇ ಅಲ್ಲಿ ಕ್ರಮಸಂಖ್ಯೆಯ ಸೆಕ್ಟರ್‌ಗಳನ್ನು ಆರಾರು ಸ್ಥಾನ ದೂರ ಇಡುತ್ತಿದ್ದರು. ಒಂದು ಟ್ರ್ಯಾಕಿಗೆ 17 ಸೆಕ್ಟರ್, ನಿಮಿಷಕ್ಕೆ 3600 ಸುತ್ತು; ಹೀಗೆ ಇಟ್ಟರೆ ಸೆಕೆಂಡಿಗೆ 85 ಕೆಬಿ. "ಒತ್ತೊತ್ತಾಗಿ ಇಟ್ಟರೆ ಇನ್ನೂ ವೇಗ" ಎಂದು ಸಾಲಾಗಿ ಜೋಡಿಸಿದವರಿಗೆ ಸುತ್ತಿಗೊಂದೇ ಸೆಕ್ಟರ್ ದಕ್ಕಿ ವೇಗ 30 ಕೆಬಿಗೆ ಇಳಿಯುತ್ತಿತ್ತು. ಡಿಸ್ಕಿನೊಳಗೇ ಒಂದು ಟ್ರ್ಯಾಕ್ ಹಿಡಿಸುವ ಮೆಮೊರಿ ಬಂದ ಮೇಲೆ ಈ ಕಾಟ ತೀರಿತು. ಅದಕ್ಕೆ ಹತ್ತಾರು ಕೆಬಿ ಸಾಕಿತ್ತು.

"ಆದರೆ ಹೊಸ ಡಿಸ್ಕ್ ಹಾಕಿದ ಮೇಲೆ ನನ್ನದು ಚುರುಕಾಗಿದೆಯಲ್ಲ" ಎನ್ನುವವರು ಸುಳ್ಳು ಹೇಳುತ್ತಿಲ್ಲ, ಕಾರಣ ಮಾತ್ರ ಬೇರೆ. ಅಮಿಗಾದ ಡೆಸ್ಕ್‌ಟಾಪ್ ಆದ ವರ್ಕ್‌ಬೆಂಚಿನಲ್ಲಿ ಐಕಾನ್ ತುಂಬಿದ ಡ್ರಾಯರೊಂದನ್ನು ತೆರೆದು ನೋಡಿ. ಪ್ರತಿ ಐಕಾನೂ ಬೇರೆಯದೇ ಒಂದು ಪುಟ್ಟ ಫೈಲು, ಪ್ರತಿಯೊಂದಕ್ಕೂ ಹೆಡ್ ಅಲ್ಲಿಂದಿಲ್ಲಿಗೆ ಓಡಬೇಕು. ಚಿತ್ರಗಳು ಒಂದೊಂದಾಗಿ ಮೂಡುವುದು ಅದಕ್ಕೇ. ಹೊಸ ಡಿಸ್ಕಿನ ಹೆಡ್ ಹೆಚ್ಚು ಚುರುಕಾದ್ದರಿಂದ ಈ ಕೆಲಸ ಬೇಗ ಮುಗಿಯುತ್ತದೆ. ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡಿನಲ್ಲಿ ಹೆಡ್ಡೇ ಇಲ್ಲದ್ದರಿಂದ ಆ ಓಡಾಟವೇ ತಪ್ಪುತ್ತದೆ. ಆದರೆ ದೊಡ್ಡ ಫೈಲೊಂದನ್ನು ಓದುವಾಗ ಕಾರ್ಡೂ ಅದೇ ಪೋರ್ಟಿನ ಮಿತಿಗೆ ಬಂದು ನಿಲ್ಲುತ್ತದೆ.

ಆಡ್‌ಬಫರ್ಸ್ ಆಜ್ಞೆಯ ಕಥೆಯೂ ಇಷ್ಟೇ: 30 ಬಫರ್ ಇದ್ದದ್ದನ್ನು 300 ಮಾಡಿದರೆ ಡೈರೆಕ್ಟರಿ ಬೇಗ ಬರುತ್ತದೆ, ದೊಡ್ಡ ಫೈಲಿನ ಬಹುಪಾಲು ಬಫರನ್ನು ಮುಟ್ಟದೆ ನೇರ ಪ್ರೋಗ್ರಾಮಿನ ಮೆಮೊರಿಗೆ ಹೋಗುತ್ತದೆ. ಮ್ಯಾಕ್ಸ್‌ಟ್ರಾನ್ಸ್‌ಫರ್ ಹೆಚ್ಚಿಸಿದರೆ ವೇಗ ಹೆಚ್ಚುತ್ತದೆ ಎಂಬುದಂತೂ ಅಪಾಯದ ನಂಬಿಕೆ. ಅದು ಡಿಸ್ಕಿನಿಂದ ಒಂದೇ ಸಲಕ್ಕೆ ಕೇಳುವ ಪ್ರಮಾಣಕ್ಕೆ ಹಾಕಿದ ಸುರಕ್ಷತೆಯ ಮಿತಿ. ಹಳೆಯ ಕಿಕ್‌ಸ್ಟಾರ್ಟ್ (ಯಂತ್ರದೊಳಗಿನ ಮೂಲ ತಂತ್ರಾಂಶ) ಇರುವವರು ಅದನ್ನು 255 ಸೆಕ್ಟರ್, ಅಂದರೆ 1,30,560 ಬೈಟ್ ಮೀರಿಸಿದರೆ ಕೆಲವು ಡಿಸ್ಕ್‌ಗಳಲ್ಲಿ ಫೈಲುಗಳೇ ಕೆಟ್ಟುಹೋಗುತ್ತವೆ.

ಪರದೆಯ ಮೇಲೆ ಮೂಡಿದ ಅಂಕಿಯನ್ನು ಕಣ್ಣುಮುಚ್ಚಿ ನಂಬುವ ಚಾಳಿಯೇ ಇದಕ್ಕೆಲ್ಲ ಮೂಲ ಎಂದು ನನಗೆ ಅನಿಸುತ್ತದೆ. ಕ್ಯಾಶ್ ಪ್ರೋಗ್ರಾಂ ಹಾಕಿಕೊಂಡು, ಸಣ್ಣ ಫೈಲನ್ನು ಎರಡನೇ ಸಲ ಓದಿಸಿ, "ಸೆಕೆಂಡಿಗೆ 5 ಎಂಬಿ ಬಂತು" ಎಂದು ಸಾರುತ್ತಾರೆ. ಬೇರೇನೂ ಸೇರಿಸದ ಅಮಿಗಾ 1200ರಲ್ಲಿ ಆ ಅಂಕಿ ಬಂದರೆ ಅಳೆದದ್ದು ಮೆಮೊರಿಯನ್ನು. ಡಿಸ್ಕ್ ಆ ಲೆಕ್ಕದಲ್ಲಿ ಇರಲೇ ಇಲ್ಲ. ಹೀಗೆ ಅಳೆದದ್ದನ್ನು ಹತ್ತು ಜನ ಹಾಗೇ ದಾಟಿಸಿದರೆ ಹನ್ನೊಂದನೆಯವರಿಗೆ ಅದು ಸ್ಥಾಪಿತ ಸತ್ಯ.

ವೇಗ ನಿಜಕ್ಕೂ ಬೇಕಿದ್ದರೆ ದುಡ್ಡನ್ನು ಪ್ರೊಸೆಸರ್‌ಗಷ್ಟೇ ಮೀಸಲಾದ ಫಾಸ್ಟ್ ರ‍್ಯಾಮಿಗೆ ಹಾಕಿ. ಮೂಲ ಯಂತ್ರದ 2 ಎಂಬಿ ಚಿಪ್ ರ‍್ಯಾಮನ್ನು ಪ್ರೊಸೆಸರ್ ಮತ್ತು ಪರದೆ ಹಂಚಿಕೊಳ್ಳುತ್ತವೆ. ಪರದೆಗೆ ಬಣ್ಣ ಹೆಚ್ಚಿದಷ್ಟೂ ಪ್ರೊಸೆಸರ್‌ಗೆ ಸಿಗುವ ಸರದಿ ಕಡಿಮೆ. ಅನುಮಾನವಿದ್ದರೆ ಕ್ಯಾಶ್ ಪ್ರೋಗ್ರಾಂ ತೆಗೆದುಹಾಕಿ, ಕೆಲವು ಎಂಬಿಯ ಫೈಲೊಂದನ್ನು 4 ಬಣ್ಣದ ಪರದೆಯಲ್ಲಿ ಒಮ್ಮೆ, ಹೈರೆಸ್ 256 ಬಣ್ಣದಲ್ಲಿ ಒಮ್ಮೆ ಓದಿಸಿ, ಗಡಿಯಾರ ಹಿಡಿದು ಅಳೆಯಿರಿ. ಡಿಸ್ಕ್ ಎರಡೂ ಸಲ ಅದೇ ಇರುತ್ತದೆ.