ಮೋಟರೋ, ಆಟಿಕೆಯೋ? ಬಂದರಿನ ಜಗಳ ನಮ್ಮೂರ ಅಂಗಡಿ ಬಿಲ್‌ವರೆಗೂ ಬರ್ತದ

ಹುಮನಾಬಾದ್/ಬಸವಕಲ್ಯಾಣ: ಹುಮನಾಬಾದ್ ವೀರಭದ್ರೇಶ್ವರ ಜಾತ್ರೆ ಇರಲಿ, ಬಸವಕಲ್ಯಾಣದ ಬಜಾರ್ ಇರಲಿ, ರಿಮೋಟ್ ಕಾರಿನ ಬೆಲೆ ಕೇಳಿದ ಅಪ್ಪ-ಅಮ್ಮ "ಇಷ್ಟ್ಯಾಕ್ರೀ?" ಅಂತಾರೆ. ಅಂಗಡಿಯವರು "ಮ್ಯಾಲಿಂದನೇ ರೇಟ್ ಜಾಸ್ತಿ ಬಂದದ" ಅಂತಾರೆ. ಆ 'ಮ್ಯಾಲೆ' ಏನು ನಡೀತದ ಅನ್ನೋದನ್ನ ನೋಡೋಣ.

ಸುಂಕ ಎಷ್ಟು ಏರಿತು?

ವಿದೇಶದಿಂದ ಬರೋ ಪ್ರತಿ ಸಾಮಾನಿಗೂ ಒಂದು ಕೋಡ್ ನಂಬರ್ ಇರ್ತದೆ. ಆಟಿಕೆಗಳದ್ದು 9503. ಮೊದಲು ಇದರ ಮೂಲ ಕಸ್ಟಮ್ಸ್ ಸುಂಕ ಶೇ 20 ಇತ್ತು. 2020ರ ಬಜೆಟ್‌ನಲ್ಲಿ ಶೇ 60, 2023ರಲ್ಲಿ ಶೇ 70 ಆಯ್ತು. ಅಂದರೆ 100 ರೂಪಾಯಿ ಮಾಲಿಗೆ 70 ರೂಪಾಯಿ ಬರೀ ಸುಂಕ. ಜಿಎಸ್‌ಟಿ ಬೇರೆ.

ಜಗಳ ಎಲ್ಲಿ ಹುಟ್ತದ?

ಸುಂಕ ಇಷ್ಟಾದಾಗ ತರಿಸೋರು 'ಇದು ಆಟಿಕೆ ಅಲ್ಲ, ಬರೀ ಪ್ಲಾಸ್ಟಿಕ್ ಸಾಮಾನು' ಅಂತ ಬರೆಸಿದರೆ ಲಾಭ. ಅಧಿಕಾರಿಗಳು ಒಪ್ಪದಿದ್ದರೆ ನೋಟಿಸ್.

ನಿಯಮ ಹೀಗಿದೆ: ಆಟಿಕೆಗೆ ಮಾತ್ರ, ಇಲ್ಲವೇ ಮುಖ್ಯವಾಗಿ ಆಟಿಕೆಗೇ ಬಳಸೋ ಬಿಡಿಭಾಗ ಆಟಿಕೆ ಜೊತೆಗೇ ಸೇರ್ತದೆ. ಗೊಂಬೆಯ ಅಂಗಿ, ಬೂಟು ಎಲ್ಲ 9503. ಆದರೆ ಮೋಟರ್ ಬಿಡಿಯಾಗಿ ಬಂದರೆ 8501, ರೇಡಿಯೊ ರಿಮೋಟ್ ಬಿಡಿಯಾಗಿ ಬಂದರೆ 8526. ಅದೇ ರಿಮೋಟ್ ಕಾರಿನ ಜೊತೆ ಒಂದೇ ಡಬ್ಬಿಯಲ್ಲಿ ಬಂದರೆ ಮತ್ತೆ ಆಟಿಕೆನೇ. ಸಾಮಾನು ಒಂದೇ, ಲೆಕ್ಕ ಬೇರೆ.

ಇಂಥ ಜಗಳ ಸುಪ್ರೀಂ ಕೋರ್ಟ್‌ವರೆಗೂ ಹೋಗಿದೆ. ಅಕ್ಷರ ಜೋಡಿಸಿ ಆಡೋ ಸ್ಕ್ರಾಬಲ್ ಒಗಟೋ, ಬೋರ್ಡ್ ಆಟವೋ ಅನ್ನೋದು ಅಬಕಾರಿ ಸುಂಕದ ಪ್ರಶ್ನೆಯಾಗಿತ್ತು. ಒಗಟು ಅಂದರೆ 9503, ಆಟ ಅಂದರೆ 9504. ಕಂಪನಿ ಒಗಟು ಅಂತ ವಾದಿಸಿತು. 2009ರಲ್ಲಿ ಕೋರ್ಟ್ ಅದು ಬೋರ್ಡ್ ಆಟ ಅಂತ ತೀರ್ಪು ಕೊಟ್ಟಿತು.

ಸುಂಕ ಕಡಿಮೆ ಕಟ್ಟಿದ್ದು ಗೊತ್ತಾದರೆ ಕಸ್ಟಮ್ಸ್ ಇಲಾಖೆ 2 ವರ್ಷದೊಳಗೆ ನೋಟಿಸ್ ಕೊಡಬಹುದು. ಬೇಕಂತಲೇ ಸುಳ್ಳು ಬರೆಸಿದ್ದರೆ 5 ವರ್ಷ ಹಿಂದಕ್ಕೂ ಹೋಗ್ತಾರೆ.

ನಮ್ಮ ಅಂಗಡಿಗೇನು ಸಂಬಂಧ?

ಆ ನೋಟಿಸ್ ಹೋಗೋದು ಮಾಲು ತರಿಸಿದವರಿಗೆ, ಹೈದರಾಬಾದ್‌ನಿಂದಲೋ ಸೊಲ್ಲಾಪುರದಿಂದಲೋ ಖರೀದಿಸಿ ತಂದ ನಿಮಗಲ್ಲ. ಆದರೆ ಎರಡು ವಿಷಯ ನಿಮ್ಮ ಗಲ್ಲಾಪೆಟ್ಟಿಗೆಗೇ ಬರ್ತವೆ.

ಒಂದು, ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ಸಾದಾ ಆಟಿಕೆಗೆ ಶೇ 12 ಇದ್ದದ್ದು ಶೇ 5 ಆಗಿದೆ. ಕೇರಂ, ಚೆಸ್, ಲೂಡೊಗೂ ಶೇ 5. ಎಲೆಕ್ಟ್ರಾನಿಕ್ ಆಟಿಕೆಗೆ ಮಾತ್ರ ಶೇ 18. ಎರಡನ್ನೂ ಒಂದೇ ದರದಲ್ಲಿ ಬಿಲ್ ಮಾಡಿದರೆ ನಾಳೆ ಲೆಕ್ಕ ಕೂಡಲ್ಲ. ಸಗಟು ಬಿಲ್ ಮ್ಯಾಲೆ ಎಚ್‌ಎಸ್‌ಎನ್ ಕೋಡ್ ಏನದ ಅಂತ ಮಾಲು ಇಳಿಸ್ಕೊಳ್ಳಾಗೇ ನೋಡ್ರಿ.

ಎರಡು, ಐಎಸ್‌ಐ ಗುರುತು. 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಇದು ಕಡ್ಡಾಯ. ನೋಂದಾಯಿತ ಕುಶಲಕರ್ಮಿಗಳು ತಯಾರಿಸಿ ಮಾರೋ ಆಟಿಕೆಗೆ, ಜಿಐ ಮಾನ್ಯತೆ ಇರೋ ಚನ್ನಪಟ್ಟಣದಂಥ ಗೊಂಬೆಗೆ ವಿನಾಯಿತಿ ಇದೆ. ಗುರುತಿಲ್ಲದ ಮಾಲು ತರಿಸೋದಷ್ಟೇ ಅಲ್ಲ, ಮಾರೋದೂ ತಪ್ಪು. 2016ರ ಬಿಐಎಸ್ ಕಾಯ್ದೆಯಲ್ಲಿ ಮೊದಲ ಸಲದ ದಂಡವೇ ಕನಿಷ್ಠ 2 ಲಕ್ಷ ರೂಪಾಯಿ ಅಂತ ಬರೆದಿದೆ. ಒಂದು ಸಣ್ಣ ಅಂಗಡಿಯ ಇಡೀ ಜಾತ್ರೆ ವ್ಯಾಪಾರ ಅದಕ್ಕೇ ಹೋಗ್ತದ.

ಹಂಗಾಗಿ ಪಕ್ಕಾ ಬಿಲ್ ಇಲ್ಲದ, ಗುರುತಿಲ್ಲದ ಮಾಲು ಹತ್ತು ರೂಪಾಯಿ ಕಡಿಮೆಗೆ ಸಿಕ್ಕರೂ ತರಬ್ಯಾಡ್ರಿ. ಗಿರಾಕಿಗಳೂ ಅಷ್ಟೇ: ಡಬ್ಬಿ ತಿರುಗಿಸಿ ಐಎಸ್‌ಐ ಗುರುತು ನೋಡ್ರಿ, ಆಮೇಲೆ ಚೌಕಾಸಿ ಮಾಡ್ರಿ.