ಕಣ್ಣು ಹೊರಳಿದರೆ ಕಿವಿಗೆ ಕೇಳಿಸುತ್ತದೆ!

ಕಣ್ಣುಗುಡ್ಡೆ ಪಕ್ಕಕ್ಕೆ ಹೊರಳಿದರೆ ಕಿವಿಯೊಳಗೆ ‘ಕರ್ರ್’ ಎಂಬ ಸದ್ದು. ನಡೆದರೆ ಹೆಜ್ಜೆಯ ‘ಧಪ್ ಧಪ್’ ತಲೆಯೊಳಗೇ. ತನ್ನ ಮಾತು ತನಗೇ ಗುಂಯ್‌ಗುಡುತ್ತದೆ, ಹಪ್ಪಳ ಕಡಿದರೆ ಎದುರಿನವರು ಹೇಳಿದ್ದು ಕೇಳಿಸದು. ಹೀಗೆಂದು ದೂರಿಕೊಂಡು ಬಂದ ಅನೇಕರನ್ನು ವೈದ್ಯರು ಮಾನಸಿಕ ರೋಗಿಗಳೆಂದು ಬಗೆದದ್ದುಂಟು. ಅವರು ಹೇಳುತ್ತಿದ್ದುದು ಅಕ್ಷರಶಃ ನಿಜವಾಗಿತ್ತು.

ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿದ್ದ ಲಾಯ್ಡ್ ಮೈನರ್ ಮತ್ತು ಸಂಗಡಿಗರು 1998ರಲ್ಲಿ ಇದರ ಕಾರಣ ಬಯಲು ಮಾಡಿದರು. ಇಂಥ ಕೆಲವರಿಗೆ ದೊಡ್ಡ ಸದ್ದಿಗೆ ತಲೆಯೂ ತಿರುಗುತ್ತಿತ್ತು. ಆಗ ಅವರ ಕಣ್ಣುಗಳು ಮನಬಂದಂತೆ ಅಲುಗುತ್ತಿರಲಿಲ್ಲ. ಒಳಕಿವಿಯ ಮೇಲಿನ ಅರ್ಧವೃತ್ತ ನಾಳ ಯಾವ ದಿಕ್ಕಿಗಿದೆಯೋ ಅದೇ ದಿಕ್ಕಿನಲ್ಲಿ ಚಲಿಸುತ್ತಿದ್ದವು. ಸ್ಕ್ಯಾನ್ ಮಾಡಿದರೆ, ಮಿದುಳಿಗೂ ಆ ನಾಳಕ್ಕೂ ನಡುವೆ ಇರಬೇಕಾದ ಮೂಳೆಯಲ್ಲಿ ತೂತು!

ಒಳಕಿವಿ ಗಟ್ಟಿ ಮೂಳೆಯೊಳಗೆ ಹುದುಗಿದೆ. ಅದಕ್ಕೆ ಎರಡೇ ಕಿಟಕಿ. ಒಂದನ್ನು ಸ್ಟೇಪಿಸ್ ಎಂಬ ಪುಟ್ಟ ಮೂಳೆ ಒತ್ತಿದರೆ ಇನ್ನೊಂದು ಉಬ್ಬುತ್ತದೆ. ಮೂರನೆಯದು ತೆರೆದುಕೊಂಡರೆ, ತೂತಾದ ಪೈಪಿನಲ್ಲಿ ನೀರಿನ ಒತ್ತಡ ಸೋರುವಂತೆ ಸದ್ದಿನ ಶಕ್ತಿ ಅಲ್ಲಿ ಸೋರುತ್ತದೆ. ಹೊರಗಿನ ದನಿ ಮಂದವಾಗುತ್ತದೆ, ಮೂಳೆಯ ಮೂಲಕ ಬರುವ ಮೈಯೊಳಗಿನ ಸದ್ದು ಜೋರಾಗುತ್ತದೆ. ಈ ನಾಳದ ಕೆಲಸ ಕೇಳಿಸುವುದಲ್ಲ, ಸಮತೋಲ ಕಾಯುವುದು. ಸದ್ದು ಅದನ್ನು ಕಲಕಿದರೆ ಲೋಕವೇ ತಿರುಗುತ್ತದೆ. ಇಟಲಿಯ ಪಿಯೆತ್ರೊ ತುಲ್ಲಿಯೊ ಪಾರಿವಾಳಗಳ ಒಳಕಿವಿಗೆ ತೂತು ಕೊರೆದು, 1929ರಷ್ಟು ಹಿಂದೆಯೇ ಇದನ್ನು ದಾಖಲಿಸಿದ್ದ. ಮನುಷ್ಯರ ಕಿವಿಯಲ್ಲಿ ಆ ತೂತನ್ನು ಗುರುತಿಸಲು ಮತ್ತೆ ಸುಮಾರು ಎಪ್ಪತ್ತು ವರ್ಷ ಹಿಡಿಯಿತು.

ಸಾವಿರ ಕಿವಿಮೂಳೆಗಳನ್ನು ಪರೀಕ್ಷಿಸಿದ ಅಧ್ಯಯನವೊಂದು 2000ರಲ್ಲಿ ಪ್ರಕಟವಾಯಿತು. ಪೂರ್ತಿ ತೂತಿದ್ದದ್ದು ಶೇ 0.5ರಷ್ಟರಲ್ಲಿ. ತೂತಿದ್ದವರಿಗೆಲ್ಲ ತೊಂದರೆ ಬರುವುದಿಲ್ಲ. ಹುಟ್ಟಿನಿಂದಲೇ ತೆಳುವಾಗಿದ್ದ ಮೂಳೆ ತಲೆಗೆ ಪೆಟ್ಟು ಬಿದ್ದಾಗ ಒಡೆಯುವುದೂ ಉಂಟು.

ಪತ್ತೆಗೆ ಒಂದು ಸೊಗಸಾದ ಉಪಾಯವಿದೆ: ಕಂಪಿಸುವ ಶ್ರುತಿಕವೆಯನ್ನು ಪಾದದ ಗಿಣ್ಣಿಗೆ ಒತ್ತಿದರೆ ಇಂಥ ಕೆಲವರಿಗೆ ಅದು ಕಿವಿಯಲ್ಲಿ ಕೇಳಿಸುತ್ತದೆ! ಆದರೆ ಶ್ರವಣ ಪರೀಕ್ಷೆಯ ನಕ್ಷೆ ಮೋಸ ಮಾಡುತ್ತದೆ. ಸ್ಟೇಪಿಸ್ ಬಿಗಿದುಕೊಳ್ಳುವ ಓಟೋಸ್ಕ್ಲೆರೋಸಿಸ್ ರೋಗದಲ್ಲೂ ನಕ್ಷೆ ಹಾಗೇ ಕಾಣುತ್ತದೆ. ಹಾಗಾಗಿ ಕೆಲವರಿಗೆ ಬೇಡದ ಸ್ಟೇಪಿಸ್ ಶಸ್ತ್ರಚಿಕಿತ್ಸೆ ನಡೆದಿದೆ, ಫಲ ಸಿಕ್ಕಿಲ್ಲ.

ತೊಂದರೆ ಸಹಿಸುವಷ್ಟಿದ್ದರೆ ದೊಡ್ಡ ಸದ್ದಿನಿಂದ ದೂರವಿದ್ದರೆ ಸಾಕು. ತಾಳಲಾಗದಿದ್ದರೆ ತಲೆಬುರುಡೆ ತೆರೆದೋ ಕಿವಿಯ ಹಿಂದಿನಿಂದಲೋ ನಾಳಕ್ಕೆ ಬಿರಡೆ ಹಾಕುತ್ತಾರೆ. ನಿಮಗೆ ಸ್ಟೇಪಿಸ್ ಆಪರೇಷನ್ ಸೂಚಿಸಿದ್ದು, ಜೊತೆಗೆ ನಿಮ್ಮ ಹೆಜ್ಜೆಯ ಸದ್ದೋ ಕಣ್ಣಿನ ಸದ್ದೋ ಕಿವಿಯಲ್ಲಿ ಕೇಳಿಸುತ್ತಿದ್ದರೆ, ಸಂಕೋಚಪಡದೆ ವೈದ್ಯರಿಗೆ ಹೇಳಿ. ಒಳಕಿವಿಯ ಸೂಕ್ಷ್ಮ ಸಿ.ಟಿ. ಸ್ಕ್ಯಾನ್ ಬೇಕೇ ಎಂದು ಮೊದಲೇ ಕೇಳಿ.