ಕುಸಿಯುವ ನೆಲ, ಮರಳುವ ನೀರು: ಇಂಗ್ಲೆಂಡಿನ ಫೆನ್ ಪ್ರದೇಶದ ಒಂದು ಪರಿಶೀಲನೆ

ಪೂರ್ವ ಇಂಗ್ಲೆಂಡಿನ ಕೇಂಬ್ರಿಜ್‌ಶೈರ್ ಪ್ರಾಂತದ ಹೋಮ್ ಫೆನ್ ಎಂಬಲ್ಲಿ ಕಬ್ಬಿಣದ ಕಂಬವೊಂದು ನೆಲದಿಂದ ಸುಮಾರು 4 ಮೀಟರ್ ಎತ್ತರಕ್ಕೆ ನಿಂತಿದೆ. 1850ರ ದಶಕದ ಆರಂಭದಲ್ಲಿ ಅದನ್ನು ಹೂಳಿದಾಗ ಅದರ ತುದಿ ನೆಲಕ್ಕೆ ಸಮನಾಗಿತ್ತು. ಕಂಬವು ಮೇಲೆದ್ದುದಲ್ಲ, ನೆಲವೇ ಕೆಳಗಿಳಿದಿದೆ. ಈ ನೆಲಕ್ಕೆ ಮತ್ತೆ ನೀರನ್ನು ತರುವ ಕಾರ್ಯವು ಈಗ ನಡೆದಿದ್ದು, ಅದನ್ನು ಅಲ್ಲಿಯ ನಿವಾಸಿಗಳು ಹೇಗೆ ಕಾಣುತ್ತಾರೆಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಫೆನ್ ಎಂದರೆ ಜೌಗು. ಅಲ್ಲಿ ಸತ್ತ ಜೊಂಡು, ಹುಲ್ಲು, ಪಾಚಿಗಳು ನೀರಿನಡಿಯಲ್ಲಿ ಗಾಳಿಯ ಸಂಪರ್ಕವಿಲ್ಲದೆ, ಪೂರ್ತಿಯಾಗಿ ಕೊಳೆಯದೆ, ಸಾವಿರಾರು ವರ್ಷಗಳಿಂದ ಪದರಪದರವಾಗಿ ಸಂಚಯಗೊಂಡು ಆದ ಕಪ್ಪು ಮಣ್ಣೇ ಪೀಟ್. ನೀರನ್ನು ಬಸಿದೊಡನೆ ಅದು ಕುಗ್ಗುತ್ತದೆ. ಅನಂತರ ಗಾಳಿಗೆ ಒಡ್ಡಿಕೊಂಡು ಕೊಳೆತು, ಇಂಗಾಲದ ಡೈಆಕ್ಸೈಡ್ ಆಗಿ ಹೋಗುತ್ತದೆ. ನೆಲ ಇಳಿದಷ್ಟೂ ನೀರನ್ನು ಹೆಚ್ಚು ಆಳದಿಂದ ಎತ್ತಬೇಕು. ಎತ್ತಿದಷ್ಟೂ ನೆಲ ಇಳಿಯುತ್ತದೆ. ಗಾಳಿಯಂತ್ರ, ಉಗಿಯಂತ್ರ, ಡೀಸೆಲ್ ಮತ್ತು ವಿದ್ಯುತ್ ಪಂಪುಗಳು ಒಂದರ ಹಿಂದೊಂದು ಬಂದುದಕ್ಕೆ ಇದು ಮುಖ್ಯ ಕಾರಣ.

ಮಧ್ಯಯುಗದ ಬರಹಗಳಲ್ಲಿ ಈ ಜೌಗಿಗೆ ಎರಡು ಮುಖಗಳಿವೆ. 8ನೆಯ ಶತಮಾನದಲ್ಲಿ ಫೆಲಿಕ್ಸ್ ಎಂಬಾತನು ಲ್ಯಾಟಿನ್ನಿನಲ್ಲಿ ರಚಿಸಿದ ಸಂತ ಗುತ್‌ಲ್ಯಾಕನ ಚರಿತ್ರೆಯಲ್ಲಿ ಅದು ಮಂಜು ಕವಿದ, ಭೂತಗಳು ನೆಲಸಿದ ಸ್ಥಳ. 731ರಲ್ಲಿ ತನ್ನ ಇತಿಹಾಸವನ್ನು ಮುಗಿಸಿದ ಬೀಡನಾದರೋ, ಈಲಿ ಎಂಬ ಊರಿಗೆ ಆ ಹೆಸರು ಅಲ್ಲಿಯ ಹಾವುಮೀನುಗಳಿಂದ ಬಂದಿತೆನ್ನುತ್ತಾನೆ. 1086ರ ಡೂಮ್ಸ್‌ಡೇ ದಾಖಲೆಯಲ್ಲಿ ಇಲ್ಲಿಯ ಮೀನುಗಾರಿಕೆಯ ಗೇಣಿಯನ್ನು ಹಾವುಮೀನುಗಳಲ್ಲಿಯೇ ಎಣಿಸಲಾಗಿದೆ. ವಿರಕ್ತನ ಚರಿತ್ರೆಗೆ ಭೂತದ ನೆಲೆಯಾದದ್ದು ಮೀನುಗಾರನ ಲೆಕ್ಕದಲ್ಲಿ ಅನ್ನದ ಬಟ್ಟಲಾಗಿತ್ತು.

1630ರ ದಶಕದಲ್ಲಿ ಬೆಡ್‌ಫರ್ಡಿನ ಅರ್ಲ್ ಮತ್ತು ಇತರ ಹೂಡಿಕೆದಾರರು ಡಚ್ ತಜ್ಞ ಕಾರ್ನೀಲಿಯಸ್ ವರ್ಮಾಯ್ಡನ್ನನ ನೆರವಿನಿಂದ ಜೌಗನ್ನು ಬಸಿಯತೊಡಗಿದರು. ಮೀನು, ನೀರುಹಕ್ಕಿ, ಜೊಂಡು, ಗೋಮಾಳಗಳನ್ನು ನಂಬಿದ್ದ ಜನರು ಪ್ರತಿಭಟಿಸಿ ಒಡ್ಡುಗಳನ್ನು ಒಡೆದರು. ಆದರೂ ಕೆಲಸ ಮುಂದುವರಿಯಿತು. ಬೇಸಗೆಯಲ್ಲಿ ದೋಣಿಗಳೂ ಚಳಿಗಾಲದಲ್ಲಿ ಹಿಮಜಾರಾಟವೂ ನಡೆಯುತ್ತಿದ್ದ ವಿಟ್ಲ್‌ಸೀ ಸರೋವರ 1850ರ ದಶಕದ ಆರಂಭದಲ್ಲಿ ಬತ್ತಿ ಹೊಲವಾಯಿತು.

ಕಾಲಾಂತರದಲ್ಲಿ ಫೆನ್ನಿನ ಜನರು ಒಕ್ಕಲಿಗರಾದರು. ಗೋಧಿ, ಆಲೂಗಡ್ಡೆ, ಸಕ್ಕರೆ ಬೀಟ್ ಬೆಳೆಯುವ ಈ ಕಪ್ಪು ನೆಲವು ಅವರಿಗೆ ಪೂರ್ವಿಕರ ಬೆವರಿನ ಫಲ. ಹೀಗಿರಲು, 2001ರಲ್ಲಿ ಗ್ರೇಟ್ ಫೆನ್ ಯೋಜನೆಯು ಹೋಮ್ ಫೆನ್ ಹಾಗೂ ವುಡ್‌ವಾಲ್ಟನ್ ಫೆನ್ ಎಂಬ ಉಳಿದ ಎರಡು ಜೌಗುಗಳನ್ನು ಜೋಡಿಸಿ, ಸುಮಾರು 3,700 ಹೆಕ್ಟೇರ್ ಪ್ರದೇಶವನ್ನು ಪುನರುಜ್ಜೀವಿಸಲು ಹೊರಟಿತು. ಇಂಥ ಯೋಜನೆಗಳ ಮುಂದೆ ರೈತನ ಪ್ರಶ್ನೆಗಳು ಸಹಜವಾದವು: ಇಷ್ಟು ಫಲವತ್ತಾದ ನೆಲದಲ್ಲಿ ಬೆಳೆಯುವುದನ್ನು ಬಿಡುವುದೇ? ಪಕ್ಕದ ಹೊಲಕ್ಕೆ ನೀರು ಜಿನುಗಿದರೆ ಗತಿಯೇನು?

ಅಂದು ನೀರನ್ನು ಉಳಿಸಿಕೊಳ್ಳಲು ಒಡ್ಡು ಒಡೆದ ನಾಡಿನಲ್ಲಿ ಇಂದು ನೀರು ಬಂದೀತೆಂಬ ಅಂಜಿಕೆ. ಮೇಲ್ನೋಟಕ್ಕೆ ಇದು ವಿರೋಧಾಭಾಸ. ಆದರೆ ನಮ್ಮ ಜೀವನೋಪಾಯವನ್ನು ನಮ್ಮನ್ನು ಕೇಳದೆ ಬದಲಿಸಬಾರದೆಂಬ ಒಂದೇ ಹಕ್ಕೊತ್ತಾಯವನ್ನು ನಾವು ಎರಡರಲ್ಲಿಯೂ ಕಾಣುತ್ತೇವೆ.

ಹಾಗೆಂದು ಯಥಾಸ್ಥಿತಿಯೂ ಸುರಕ್ಷಿತವಲ್ಲ. ಉಳುವ ಪೀಟ್ ನೆಲ ವರ್ಷಕ್ಕೆ 1ರಿಂದ 2 ಸೆಂಟಿಮೀಟರಿನಷ್ಟು ಸವೆಯುತ್ತದೆ. ವಸಂತದ ಬಿರುಗಾಳಿ ಬಿತ್ತಿದ ಬೀಜವನ್ನೂ ಮಣ್ಣಿನೊಡನೆ ಹಾರಿಸಿಕೊಂಡು ಹೋಗುವುದುಂಟು. ಹಳೆಯ ಸರೋವರವನ್ನು ಇದ್ದಂತೆಯೇ ಮರಳಿಸುವುದೂ ಸಾಧ್ಯವಿಲ್ಲ. ಹೋಮ್ ಫೆನ್ನಿನ ನೆಲವೀಗ ಸಮುದ್ರಮಟ್ಟಕ್ಕಿಂತ ಸುಮಾರು 2.75 ಮೀಟರ್ ಕೆಳಗಿದೆ. ಆದುದರಿಂದಲೇ 2019ರಲ್ಲಿ ಆರಂಭವಾದ ತೇವ ಬೇಸಾಯದ ಪ್ರಯೋಗವು ಮಹತ್ವದ್ದು. ನೆಲವನ್ನು ಒಣಗಿಸದೆ ಸ್ಫ್ಯಾಗ್ನಮ್ ಪಾಚಿ, ಜೊಂಡು ಮೊದಲಾದವನ್ನು ಅಲ್ಲಿ ಬೆಳೆಯಲಾಯಿತು. ನೀರು ಮರಳಿದ ಮೇಲೂ ಒಕ್ಕಲಿಗನು ಒಕ್ಕಲಿಗನಾಗಿಯೇ ಉಳಿಯಬಹುದೆಂಬ ಭರವಸೆ ಇದರಲ್ಲಿದೆ.

ಪುನರುಜ್ಜೀವನವೆಂಬ ಮಾತು ಬಂದಾಗ ಯಾವ ಕಾಲದ, ಯಾರ ನೆಲವನ್ನು ಮರಳಿಸುತ್ತೇವೆಂದು ಕೇಳಬೇಕಾಗುತ್ತದೆ. ಸ್ಥಳಚರಿತ್ರೆಯ ಅಭ್ಯಾಸಿಗಳು ಸಂತನ ಚರಿತ್ರೆ, ಗೇಣಿಯ ಲೆಕ್ಕ, ಕಂಬದ ಅಳತೆ, ರೈತನ ಪ್ರಶ್ನೆ ಇವೆಲ್ಲವನ್ನೂ ಜೊತೆಗಿರಿಸಿ ಓದಿದಲ್ಲದೆ ಇದಕ್ಕೆ ಉತ್ತರ ದೊರೆಯದೆಂಬುದು ನಮ್ಮ ಅಭಿಪ್ರಾಯ.